ಮಾಜಿ ಸೈನಿಕರ ಆರೈಕೆಗೆ ಖಾಸಗಿ ಕ್ಲಿನಿಕ್: ನೋಂದಣಿಯ ದಾರಿ ಮತ್ತು ನೋಂದಣಿಯ ನಂತರದ ಹೊಣೆ

ಅಮೆರಿಕದ ಮಾಜಿ ಸೈನಿಕರಿಗೆ ಚಿಕಿತ್ಸೆ ನೀಡುವ ಉದ್ದೇಶದಿಂದ ಖಾಸಗಿ ಕ್ಲಿನಿಕ್ ಒಂದು ತನ್ನ ಹೆಸರು ನೋಂದಾಯಿಸಲು ಹೊರಟಾಗ ಮೊದಲ ಗೊಂದಲ ಹುಟ್ಟುವುದು ಒಪ್ಪಂದ ಯಾರೊಂದಿಗೆ ಎಂಬಲ್ಲಿಯೇ. ಚಿಕಿತ್ಸೆಯ ವೆಚ್ಚವನ್ನು ಕೊನೆಗೆ ಭರಿಸುವುದು ಫೆಡರಲ್ ಸರ್ಕಾರದ ಮಾಜಿ ಸೈನಿಕರ ಇಲಾಖೆ. ಅಲ್ಲಿ ಎಲ್ಲರೂ ಅದನ್ನು ‘ವಿಎ’ ಎಂದೇ ಕರೆಯುತ್ತಾರೆ. ರೋಗಿಯನ್ನು ಕಳುಹಿಸುವುದೂ ವಿಎ, ಯಾವ ಚಿಕಿತ್ಸೆಗೆ ಎಷ್ಟು ಅವಧಿಯ ಅನುಮತಿ ಎಂದು ತೀರ್ಮಾನಿಸುವುದೂ ವಿಎ. ಆದರೆ ಕ್ಲಿನಿಕ್ ಸಹಿ ಹಾಕುವ ಒಪ್ಪಂದಪತ್ರದಲ್ಲಿ ಎದುರು ಪಕ್ಷವಾಗಿರುವುದು ಸಾಮಾನ್ಯವಾಗಿ ವಿಎಯಿಂದ ಗುತ್ತಿಗೆ ಪಡೆದ ಆಪ್ಟಮ್ ಅಥವಾ ಟ್ರೈವೆಸ್ಟ್ ಎಂಬ ಖಾಸಗಿ ಮಧ್ಯವರ್ತಿ ಸಂಸ್ಥೆ. ಈ ಮೂರು ಪಕ್ಷಗಳ ಸಂಬಂಧ ಅರ್ಥವಾಗದೆ ಸಹಿ ಹಾಕಿದವರು, ಬಿಲ್ಲು ಎಲ್ಲಿಗೆ ಕಳುಹಿಸಬೇಕು, ಅನುಮತಿ ಯಾರನ್ನು ಕೇಳಬೇಕು, ರೋಗಿಯ ದಾಖಲೆ ಯಾರ ಕೈ ಸೇರಬೇಕು ಎಂಬ ಪ್ರಶ್ನೆಗಳಲ್ಲಿ ತಿಂಗಳುಗಟ್ಟಲೆ ಸಿಲುಕಿಕೊಳ್ಳುತ್ತಾರೆ. ಅಮೆರಿಕದಲ್ಲಿ ಸ್ವಂತ ಕ್ಲಿನಿಕ್ ನಡೆಸುತ್ತಿರುವ ಕನ್ನಡಿಗ ವೈದ್ಯರಿಗೂ, ಆ ವ್ಯವಸ್ಥೆಯನ್ನು ಹೊರಗಿನಿಂದ ತಿಳಿಯಬಯಸುವ ಓದುಗರಿಗೂ ಅದನ್ನು ಆದಷ್ಟು ಸ್ಪಷ್ಟವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಜೊತೆಗೆ ಒಂದು ವಾದವೂ ಇದೆ. ನೋಂದಣಿ ಈ ಕೆಲಸದ ಸುಲಭವಾದ ಭಾಗ. ಪೂರ್ವಾನುಮತಿ, ಚಿಕಿತ್ಸೆಯ ದಾಖಲೆಗಳನ್ನು ವಿಎಗೆ ಮರಳಿಸುವುದು, ಬಿಲ್ಲು ಎಂಬ ಮೂರನ್ನೂ ಅಚ್ಚುಕಟ್ಟಾಗಿ ನಿಭಾಯಿಸುವ ಏರ್ಪಾಡು ಇಲ್ಲದ ಕ್ಲಿನಿಕ್, ವಿಎ ರೋಗಿಗಳನ್ನು ನೋಡುವ ಖಾಸಗಿ ವೈದ್ಯರ ಜಾಲದೊಳಗೆ ಸೇರಿಕೊಂಡರೆ, ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚುತ್ತದೆಯೇ ಹೊರತು ಸೈನಿಕನಿಗೆ ಆರೈಕೆ ಹೆಚ್ಚುವುದಿಲ್ಲ.

ಹಿನ್ನೆಲೆಯಿಂದ ಆರಂಭಿಸೋಣ. ವಿಎ ಮೂಲತಃ ಹಣ ಪಾವತಿಸುವ ವಿಮಾ ಸಂಸ್ಥೆಯಾಗಿ ಹುಟ್ಟಿದ್ದಲ್ಲ. ತನ್ನದೇ ಆಸ್ಪತ್ರೆ, ತನ್ನದೇ ವೈದ್ಯರು, ತನ್ನದೇ ಔಷಧಾಲಯಗಳನ್ನು ನಡೆಸುವ ಸಂಸ್ಥೆ ಅದು. ಸುಮಾರು 170 ಆಸ್ಪತ್ರೆಗಳು ಮತ್ತು 1,100ಕ್ಕೂ ಹೆಚ್ಚು ಹೊರರೋಗಿ ಕೇಂದ್ರಗಳ ಮೂಲಕ ಅದು ಸರಿಸುಮಾರು 90 ಲಕ್ಷ ನೋಂದಾಯಿತ ಮಾಜಿ ಸೈನಿಕರ ಹೊಣೆ ಹೊತ್ತಿದೆ. ಹೊರಗಿನ ವೈದ್ಯರ ನೆರವು ಪಡೆಯುವ ಅವಕಾಶ ಹಿಂದಿನಿಂದಲೂ ಇತ್ತಾದರೂ ಅದು ಅಪವಾದದ ಮಟ್ಟದಲ್ಲೇ ಉಳಿದಿತ್ತು. 2014ರಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ವಿಎ ಆಸ್ಪತ್ರೆಯ ಪ್ರಕರಣ ಹೊರಬಿದ್ದ ಮೇಲೆ ಚಿತ್ರ ಬದಲಾಯಿತು. ಪ್ರಾಥಮಿಕ ಚಿಕಿತ್ಸೆಗಾಗಿ ಕಾಯುತ್ತಿದ್ದ 1,700 ಮಾಜಿ ಸೈನಿಕರ ಹೆಸರುಗಳು ಅಧಿಕೃತ ಕಾಯುವಿಕೆ ಪಟ್ಟಿಯಲ್ಲೇ ಇರಲಿಲ್ಲ ಎಂದು ಇಲಾಖೆಯ ತನಿಖಾ ವಿಭಾಗವಾದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಆ ವರ್ಷದ ಮೇ ತಿಂಗಳಲ್ಲಿ ವರದಿ ಮಾಡಿತು. ಕೆಲವೇ ದಿನಗಳಲ್ಲಿ ಇಲಾಖೆಯ ಮುಖ್ಯಸ್ಥರಾಗಿದ್ದ ಎರಿಕ್ ಶಿನ್ಸೆಕಿ ರಾಜೀನಾಮೆ ಕೊಟ್ಟರು. ಸೇವೆಯಿಂದ ಮರಳಿದವರು ವೈದ್ಯರ ಬಾಗಿಲಲ್ಲಿ ಕಾಯುತ್ತಿರುವುದನ್ನು ಕಾಗದದಲ್ಲಿ ಮರೆಮಾಚಲಾಗಿತ್ತು ಎಂಬ ಸಂಗತಿ ದೇಶವನ್ನು ಕೆರಳಿಸಿತು; ಕೆರಳಬೇಕಾದದ್ದೇ.

ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ‘ಚಾಯ್ಸ್’ ಕಾಯ್ದೆ, ವಿಎ ಕೇಂದ್ರದಿಂದ 40 ಮೈಲಿಗಿಂತ ದೂರ ಇರುವವರಿಗೆ ಅಥವಾ 30 ದಿನಗಳಿಗಿಂತ ಹೆಚ್ಚು ಕಾಯಬೇಕಾದವರಿಗೆ ಹೊರಗಿನ ವೈದ್ಯರ ಬಳಿ ಹೋಗುವ ಅವಕಾಶ ನೀಡಿ, ಅದಕ್ಕಾಗಿ 1,000 ಕೋಟಿ ಡಾಲರ್ ಮೀಸಲಿಟ್ಟಿತು. ಉದ್ದೇಶ ಒಳ್ಳೆಯದಿತ್ತು, ಅವಸರ ಅದನ್ನು ಕೆಡಿಸಿತು. ಕಾಯ್ದೆ ಬಂದ ಮೂರು ತಿಂಗಳೊಳಗೆ ಯೋಜನೆ ಜಾರಿಗೆ ಬರಬೇಕಿತ್ತು. ಮಧ್ಯವರ್ತಿಗಳಾಗಿ ನೇಮಕವಾದ ಹೆಲ್ತ್ ನೆಟ್ ಮತ್ತು ಟ್ರೈವೆಸ್ಟ್ ಸಂಸ್ಥೆಗಳಿಗೂ, ವಿಎ ಆಸ್ಪತ್ರೆಗಳಿಗೂ, ಖಾಸಗಿ ವೈದ್ಯರಿಗೂ ಪರಸ್ಪರ ಸಂಪರ್ಕದ ಸರಿಯಾದ ಏರ್ಪಾಡು ಇರಲಿಲ್ಲ. ಬಿಲ್ಲುಗಳು ಬಾಕಿ ಉಳಿದವು. ಹಣ ಬಾರದ ಆಸ್ಪತ್ರೆಗಳು ಸೈನಿಕರಿಗೇ ಬಿಲ್ಲು ಕಳುಹಿಸಿದವು, ಕೆಲವು ಪ್ರಕರಣಗಳು ಸಾಲ ವಸೂಲಿ ಸಂಸ್ಥೆಗಳ ತನಕ ಹೋದವು. ಹೀಗೆ ಸಾಲದ ದಾಖಲೆಗಳಲ್ಲಿ ಹೆಸರು ಕೆಟ್ಟವರಿಗೆ ನೆರವಾಗಲು 2016ರಲ್ಲಿ ವಿಎ ಪ್ರತ್ಯೇಕ ಸಹಾಯವಾಣಿಯನ್ನೇ ತೆರೆಯಬೇಕಾಯಿತು. ಸಣ್ಣ ಕ್ಲಿನಿಕ್‌ಗಳ ವೈದ್ಯರಲ್ಲಿ ಇಂದಿಗೂ ಉಳಿದಿರುವ ಅಂಜಿಕೆಯ ಬೇರು ಆ ವರ್ಷಗಳಲ್ಲಿದೆ, ಆದ್ದರಿಂದ ಆ ಅಂಜಿಕೆಯನ್ನು ಸುಮ್ಮನೆ ತಳ್ಳಿಹಾಕುವುದು ನ್ಯಾಯವಲ್ಲ.

ಇಂದಿನ ವ್ಯವಸ್ಥೆಗೆ ಆಧಾರ 2018ರ ಜೂನ್ 6ರಂದು ಸಹಿಯಾಗಿ, ಸರಿಯಾಗಿ ಒಂದು ವರ್ಷದ ನಂತರ ಜಾರಿಗೆ ಬಂದ ‘ಮಿಷನ್’ ಕಾಯ್ದೆ. ಯಾವ ಸೈನಿಕ ಹೊರಗೆ ಚಿಕಿತ್ಸೆ ಪಡೆಯಬಹುದು ಎಂಬುದಕ್ಕೆ ಅದು ಹೊಸ ಅಳತೆ ಹಾಕಿತು. ಪ್ರಾಥಮಿಕ ಚಿಕಿತ್ಸೆ ಮತ್ತು ಮಾನಸಿಕ ಆರೋಗ್ಯ ಸೇವೆಗೆ ಸರಾಸರಿ 30 ನಿಮಿಷಗಳ ವಾಹನ ಪ್ರಯಾಣ ಅಥವಾ 20 ದಿನಗಳ ಕಾಯುವಿಕೆ, ತಜ್ಞ ಚಿಕಿತ್ಸೆಗೆ 60 ನಿಮಿಷ ಅಥವಾ 28 ದಿನ. ವಿಎ ಈ ಮಿತಿಯೊಳಗೆ ಸೇವೆ ಕೊಡಲಾಗದಿದ್ದರೆ ಸೈನಿಕ ಹೊರಗಿನ ವೈದ್ಯರನ್ನು ಆರಿಸಿಕೊಳ್ಳಬಹುದು. ಬೇಕಾದ ಸೇವೆ ವಿಎಯಲ್ಲಿ ಇಲ್ಲವೇ ಇಲ್ಲ ಎಂದಾದರೆ, ಅಲಾಸ್ಕಾ, ಹವಾಯಿ, ನ್ಯೂ ಹ್ಯಾಂಪ್‌ಶೈರ್‌ನಂತೆ ಪೂರ್ಣ ಪ್ರಮಾಣದ ವಿಎ ಆಸ್ಪತ್ರೆ ಇಲ್ಲದ ರಾಜ್ಯದಲ್ಲಿ ಆತ ವಾಸಿಸುತ್ತಿದ್ದರೆ, ಅಥವಾ ಹೊರಗಿನ ಚಿಕಿತ್ಸೆಯೇ ಆತನಿಗೆ ವೈದ್ಯಕೀಯವಾಗಿ ಒಳಿತು ಎಂದು ಆತನೂ ವಿಎ ವೈದ್ಯರೂ ಒಪ್ಪಿದರೆ ಕೂಡ ದಾರಿ ತೆರೆಯುತ್ತದೆ. ಈ ಕೊನೆಯ ಕಾರಣಕ್ಕೆ ಬೇಕಿದ್ದ ಎರಡನೆಯ ವೈದ್ಯರ ಪರಿಶೀಲನೆಯನ್ನು 2025ರಲ್ಲಿ ಕೈಬಿಡಲಾಯಿತು. ಕ್ಲಿನಿಕ್‌ನವರು ಈ ಮಾನದಂಡಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಏಕೆಂದರೆ ಅರ್ಹತೆ ನಿರ್ಧರಿಸುವುದು ಅವರ ಕೆಲಸವಲ್ಲ. ಆದರೆ ತಮ್ಮ ಊರಿನ ಸುತ್ತ ಯಾವ ಸೇವೆಗೆ ಬೇಡಿಕೆ ಬರಬಹುದು ಎಂದು ಅಂದಾಜು ಮಾಡಲು ಇವು ನೆರವಾಗುತ್ತವೆ. ವಿಎ ಆಸ್ಪತ್ರೆಯ ಮಗ್ಗುಲಲ್ಲೇ ಇರುವ ಪ್ರಾಥಮಿಕ ಚಿಕಿತ್ಸಾ ಕ್ಲಿನಿಕ್‌ಗೆ ಹೆಚ್ಚು ರೋಗಿಗಳು ಬಾರದಿರಬಹುದು. ಎರಡು ಗಂಟೆ ದೂರದ ಹಳ್ಳಿಗಾಡಿನ ಮನೋವೈದ್ಯರಿಗೆ ಬಿಡುವೇ ಸಿಗದಿರಬಹುದು.

ಮಿಷನ್ ಕಾಯ್ದೆಯಡಿ ಖಾಸಗಿ ವೈದ್ಯರ ಬಹುದೊಡ್ಡ ಪಾಲು ಬರುವುದು ‘ಸಮುದಾಯ ಆರೈಕೆ ಜಾಲ’ದ ಮೂಲಕ. ದೇಶವನ್ನು ವಲಯಗಳಾಗಿ ಹಂಚಿ, ಜಾಲ ಕಟ್ಟುವ, ವೈದ್ಯರ ಅರ್ಹತೆ ಪರಿಶೀಲಿಸುವ, ಬಿಲ್ಲು ಪಾವತಿಸುವ ಕೆಲಸವನ್ನು ಗುತ್ತಿಗೆಗೆ ಕೊಡಲಾಗಿದೆ. ಪೂರ್ವ ಮತ್ತು ಈಶಾನ್ಯ ರಾಜ್ಯಗಳ ಮೊದಲ ವಲಯ, ಮಧ್ಯಪಶ್ಚಿಮದ ಎರಡನೆಯ ವಲಯ, ದಕ್ಷಿಣದ ಮೂರನೆಯ ವಲಯ ಆಪ್ಟಮ್ ಪಾಲಿನವು. ಟೆಕ್ಸಸ್, ಕ್ಯಾಲಿಫೋರ್ನಿಯಾ, ಹವಾಯಿ ಸೇರಿದ ಪಶ್ಚಿಮದ ನಾಲ್ಕನೆಯ ವಲಯವನ್ನೂ ಅಲಾಸ್ಕಾದ ಐದನೆಯ ವಲಯವನ್ನೂ ಟ್ರೈವೆಸ್ಟ್ ನೋಡಿಕೊಳ್ಳುತ್ತದೆ. ಕ್ಲಿನಿಕ್ ಯಾವ ರಾಜ್ಯದಲ್ಲಿದೆ ಎಂಬುದೇ ಅರ್ಜಿ ಎಲ್ಲಿಗೆ ಎಂಬುದನ್ನು ನಿರ್ಧರಿಸುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಇಲ್ಲ. ಎರಡು ವಲಯಗಳಲ್ಲಿ ಶಾಖೆಗಳಿರುವ ಕ್ಲಿನಿಕ್ ಎರಡೂ ಕಡೆ ಒಪ್ಪಂದ ಮಾಡಿಕೊಳ್ಳಬೇಕಾಗುತ್ತದೆ. ಮಾನಸಿಕ ಆರೋಗ್ಯ, ದಂತ ಚಿಕಿತ್ಸೆ, ಬೆನ್ನೆಲುಬು ಮತ್ತು ಕೀಲುಗಳಿಗೆ ಕೈಯಿಂದ ಮಾಡುವ ಕೈರೋಪ್ರಾಕ್ಟಿಕ್ ಚಿಕಿತ್ಸೆ ಮುಂತಾದ ಸೇವೆಗಳ ನೋಂದಣಿ ಪ್ರತ್ಯೇಕ ವಿಭಾಗದ ಅಥವಾ ಉಪಗುತ್ತಿಗೆದಾರರ ಮೂಲಕ ಸಾಗುವುದುಂಟು. ಆದ್ದರಿಂದ ಅರ್ಜಿ ತುಂಬುವ ಮುನ್ನ ತಮ್ಮ ವಿಭಾಗದ ಕೆಲಸ ಯಾರ ಕೈಯಲ್ಲಿದೆ ಎಂದು ವಿಚಾರಿಸಿಕೊಳ್ಳುವುದು ಒಳಿತು.

ಇಲ್ಲಿ ಇನ್ನೊಂದು ಗೋಜಲನ್ನು ಬಿಡಿಸಬೇಕು. ಸೇವೆಯಲ್ಲಿರುವ ಸೈನಿಕರು, ನಿವೃತ್ತಿ ವೇತನ ಪಡೆಯುವವರು ಮತ್ತು ಅವರ ಕುಟುಂಬದವರಿಗಾಗಿ ರಕ್ಷಣಾ ಇಲಾಖೆ ನಡೆಸುವ ‘ಟ್ರೈಕೇರ್’ ಬೇರೆಯೇ ಯೋಜನೆ. ಅದರ ಪಶ್ಚಿಮ ವಲಯದ ಗುತ್ತಿಗೆಯೂ 2025ರ ಜನವರಿಯಿಂದ ಟ್ರೈವೆಸ್ಟ್ ಬಳಿಯೇ ಇರುವುದರಿಂದ ಗೊಂದಲ ಇನ್ನೂ ಹೆಚ್ಚಿದೆ. ಟ್ರೈಕೇರ್ ಪಟ್ಟಿಯಲ್ಲಿರುವ ಕ್ಲಿನಿಕ್ ತಾನಾಗಿಯೇ ಮಾಜಿ ಸೈನಿಕರ ಜಾಲಕ್ಕೆ ಸೇರಿದಂತಾಗುವುದಿಲ್ಲ. ಒಂದೇ ಸಂಸ್ಥೆಯೊಂದಿಗಾದರೂ ಒಪ್ಪಂದಗಳು ಎರಡು. ಸೇವೆಯಿಂದಾದ ಅಂಗವೈಕಲ್ಯ ಶಾಶ್ವತ ಹಾಗೂ ಸಂಪೂರ್ಣ ಎಂದು ತೀರ್ಮಾನವಾದ ಸೈನಿಕರ, ಅಥವಾ ಅಂಥ ಕಾರಣದಿಂದ ಮೃತರಾದವರ ಪತ್ನಿ, ಪತಿ ಮತ್ತು ಮಕ್ಕಳಿಗಾಗಿ ವಿಎ ನಡೆಸುವ ‘ಚಾಂಪ್‌ವಿಎ’ ಮೂರನೆಯ ಯೋಜನೆ. ಅದಕ್ಕೆ ಇಂಥ ಜಾಲವೇ ಇಲ್ಲ. ಮುಂಭಾಗದ ಮೇಜಿನಲ್ಲಿ ಕುಳಿತ ಸಿಬ್ಬಂದಿಗೆ ಈ ಮೂರರ ವ್ಯತ್ಯಾಸ ತಿಳಿದಿರದಿದ್ದರೆ ಮೊದಲ ಭೇಟಿಯಲ್ಲೇ ಬಿಲ್ಲು ತಪ್ಪು ದಾರಿ ಹಿಡಿಯುತ್ತದೆ.

ಅರ್ಜಿಯ ಭಾಗ ಅಮೆರಿಕದ ಯಾವುದೇ ವಿಮಾ ಜಾಲಕ್ಕೆ ಸೇರುವ ಪ್ರಕ್ರಿಯೆಯನ್ನು ಬಹಳವಾಗಿ ಹೋಲುತ್ತದೆ. ವೈದ್ಯರಿಗೂ ಕ್ಲಿನಿಕ್‌ಗೂ ಹತ್ತು ಅಂಕಿಗಳ ಎನ್‌ಪಿಐ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ, ತೆರಿಗೆ ಗುರುತು, ಚಿಕಿತ್ಸೆ ನೀಡುವ ರಾಜ್ಯದಲ್ಲಿ ನಿರ್ಬಂಧಗಳಿಲ್ಲದ ಚಾಲ್ತಿ ಪರವಾನಗಿ, ವೃತ್ತಿ ಹೊಣೆಗಾರಿಕೆಯ ವಿಮೆ, ನಿಯಂತ್ರಿತ ಔಷಧ ಬರೆಯುವವರಾದರೆ ಡಿಇಎ ಎಂಬ ಫೆಡರಲ್ ಮಾದಕವಸ್ತು ನಿಯಂತ್ರಣ ಸಂಸ್ಥೆಯ ನೋಂದಣಿ ಇವಿಷ್ಟೂ ಕೈಯಲ್ಲಿರಬೇಕು. ಬಹಳಷ್ಟು ವೈದ್ಯರ ವಿವರ ಈಗಾಗಲೇ ಸಿಎಕ್ಯೂಎಚ್ ಎಂಬ ಸಾಮಾನ್ಯ ದತ್ತಕೋಶದಲ್ಲಿ ಇರುತ್ತದೆ. ಅಲ್ಲಿ ಹಳೆಯ ವಿಳಾಸ ಅಥವಾ ಅವಧಿ ಮುಗಿದ ವಿಮಾ ಪತ್ರ ಉಳಿದುಕೊಂಡಿದ್ದರೆ ಅರ್ಜಿ ಅಲ್ಲೇ ನಿಂತುಬಿಡುತ್ತದೆ. ಫೆಡರಲ್ ಆರೋಗ್ಯ ಯೋಜನೆಗಳಿಂದ ಹೊರಗಿಡಲಾದವರ ಪಟ್ಟಿಯಲ್ಲಿ ಹೆಸರಿರುವವರಿಗೆ ಪ್ರವೇಶವಿಲ್ಲ. ಗುಣಮಟ್ಟ ಅಥವಾ ಸುರಕ್ಷತೆಯ ಕಾರಣಕ್ಕಾಗಿ ಹಿಂದೆ ವಿಎ ಕೆಲಸದಿಂದ ತೆಗೆದುಹಾಕಲ್ಪಟ್ಟವರು ಖಾಸಗಿ ವೈದ್ಯರಾಗಿ ಹಿಂಬಾಗಿಲಿನಿಂದ ಮರಳಿ ಬರದಂತೆ ಮಿಷನ್ ಕಾಯ್ದೆಯ ಒಂದು ಕಲಮು ತಡೆಯುತ್ತದೆ. ಅರ್ಹತಾ ಪರಿಶೀಲನೆ ಮುಗಿದು, ದರದ ಷರತ್ತುಗಳಿಗೆ ಒಪ್ಪಿಗೆಯಾಗಿ, ವಿಎಯ ಒಳಪಟ್ಟಿಯಲ್ಲಿ ಹೆಸರು ಕಾಣಿಸಿಕೊಂಡ ಮೇಲಷ್ಟೇ ವಿಎ ಸಿಬ್ಬಂದಿ ರೋಗಿಗಳನ್ನು ಕಳುಹಿಸಲು ಸಾಧ್ಯ. ಸಹಿ ಹಾಕಿದ ದಿನಕ್ಕೂ ಮೊದಲ ರೋಗಿ ಬರುವ ದಿನಕ್ಕೂ ನಡುವೆ ಅಂತರ ಇದ್ದೇ ಇರುತ್ತದೆ.

ಈ ಪರಿಶೀಲನೆ ಸಣ್ಣ ಕ್ಲಿನಿಕ್‌ಗೆ ಕಿರಿಕಿರಿ ಎನಿಸಬಹುದು. ಆದರೆ 2021ರ ಕೊನೆಯಲ್ಲಿ ಬಂದ, ಅಮೆರಿಕದ ಸಂಸತ್ತಿನ ಪರವಾಗಿ ಪರಿಶೋಧನೆ ನಡೆಸುವ ಸರ್ಕಾರಿ ಹೊಣೆಗಾರಿಕೆ ಕಚೇರಿಯ ವರದಿಯನ್ನು ಓದಿದವರು ಅದನ್ನು ಸಡಿಲಗೊಳಿಸಿ ಎಂದು ಕೇಳಲಾರರು. ಹೊರಗಿನ ವೈದ್ಯರ ಪಟ್ಟಿಯಲ್ಲಿ ಪರಿಶೀಲಿಸಿದ 8 ಲಕ್ಷಕ್ಕೂ ಹೆಚ್ಚು ಹೆಸರುಗಳಲ್ಲಿ ಸುಮಾರು 1,600 ಹೆಸರುಗಳು ಮೃತಪಟ್ಟವರದ್ದೋ, ಫೆಡರಲ್ ಕೆಲಸಕ್ಕೆ ಅನರ್ಹರಾದವರದ್ದೋ, ಪರವಾನಗಿ ರದ್ದಾದ ಇಲ್ಲವೇ ಅಮಾನತಾದವರದ್ದೋ ಆಗಿದ್ದವು. ಪ್ರಮಾಣ ಸಣ್ಣದೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಪರವಾನಗಿ ಕಳೆದುಕೊಂಡ ವೈದ್ಯನ ಬಳಿಗೆ ಸರ್ಕಾರವೇ ತನ್ನ ಸೈನಿಕನನ್ನು ಕಳುಹಿಸುವುದೆಂದರೆ ಅದು ಒಂದೇ ಪ್ರಕರಣವಾದರೂ ನಂಬಿಕೆದ್ರೋಹ.

ಜಾಲದ ಹೊರಗೂ ಒಂದು ದಾರಿಯಿದೆ. ಬೇಕಾದ ಸೇವೆ ಜಾಲದಲ್ಲಿ ಸಿಗದಿದ್ದಾಗ ಸ್ಥಳೀಯ ವಿಎ ಆಸ್ಪತ್ರೆಯೇ ಕ್ಲಿನಿಕ್‌ನೊಂದಿಗೆ ನೇರವಾಗಿ ‘ವೆಟರನ್ಸ್ ಕೇರ್ ಅಗ್ರಿಮೆಂಟ್’ ಎಂಬ ಒಪ್ಪಂದ ಮಾಡಿಕೊಳ್ಳಬಹುದು. ಅದಕ್ಕೆ ವಿಎಯಿಂದ ಪ್ರಮಾಣೀಕರಣ ಬೇಕು, ಬಿಲ್ಲು ಮಧ್ಯವರ್ತಿಯ ಬದಲು ವಿಎಗೇ ಹೋಗುತ್ತದೆ. ಇದು ಕೊರತೆ ತುಂಬುವ ಏರ್ಪಾಡು. ಜಾಲದ ಷರತ್ತುಗಳು ಹಿಡಿಸಲಿಲ್ಲ ಎಂಬ ಕಾರಣಕ್ಕೆ ಆರಿಸಿಕೊಳ್ಳುವ ಪರ್ಯಾಯವೆಂದು ಭಾವಿಸಬಾರದು. ಮೂಲನಿವಾಸಿ ಸಮುದಾಯಗಳ ಆರೋಗ್ಯ ಕೇಂದ್ರಗಳಿಗೆ ವಿಎಯೊಂದಿಗೆ ಪ್ರತ್ಯೇಕ ಮರುಪಾವತಿ ಒಪ್ಪಂದಗಳಿವೆ.

ನಿಜವಾದ ಪರೀಕ್ಷೆ ಆರಂಭವಾಗುವುದು ಮೊದಲ ರೆಫರಲ್, ಅಂದರೆ ರೋಗಿಯನ್ನು ಕಳುಹಿಸುವ ವಿಎಯ ಸೂಚನಾಪತ್ರ, ಬಂದಾಗ. ತುರ್ತು ಸಂದರ್ಭಗಳನ್ನೂ ಮುಂದೆ ಹೇಳುವ ಒಂದೆರಡು ಅಪವಾದಗಳನ್ನೂ ಬಿಟ್ಟರೆ ಎಲ್ಲ ಚಿಕಿತ್ಸೆಗೂ ವಿಎಯ ಪೂರ್ವಾನುಮತಿ ಬೇಕು. ಮೊಣಕಾಲು ನೋವಿಗೆ ಕಳುಹಿಸಿದ ರೋಗಿಯ ಅನುಮತಿಪತ್ರದಲ್ಲಿ ಆ ಚಿಕಿತ್ಸೆಯ ಒಂದು ಪೂರ್ಣ ಆವರ್ತ, ಅಂದರೆ ಎಷ್ಟು ಭೇಟಿಗಳು, ಯಾವ ಪರೀಕ್ಷೆಗಳು, ಯಾವ ದಿನಾಂಕದವರೆಗೆ ಎಂಬುದು ನಮೂದಾಗಿರುತ್ತದೆ. ಅದೇ ಭೇಟಿಯಲ್ಲಿ ಆತ ಸೊಂಟ ನೋವಿನ ಬಗ್ಗೆ ಹೇಳಿಕೊಂಡರೆ ವೈದ್ಯರ ಸಹಜ ಪ್ರವೃತ್ತಿ ಅದನ್ನೂ ನೋಡಿ, ಒಂದು ಸ್ಕ್ಯಾನ್ ಬರೆದುಕೊಡುವುದು. ಆದರೆ ಅನುಮತಿಯಲ್ಲಿ ಇಲ್ಲದ ಸೇವೆಗೆ ಪಾವತಿಯಿಲ್ಲ. ಹೆಚ್ಚುವರಿ ಸೇವೆ ಬೇಕಿದ್ದರೆ ನಿಗದಿತ ನಮೂನೆಯಲ್ಲಿ ಕಾರಣ ಬರೆದು ವಿಎಯನ್ನು ಕೇಳಿ, ಒಪ್ಪಿಗೆ ಬಂದ ಮೇಲೆ ಮುಂದುವರಿಯಬೇಕು. ರೆಫರಲ್‌ಗಳನ್ನು ನೋಡುವ, ಅಪಾಯಿಂಟ್‌ಮೆಂಟ್ ದಾಖಲಿಸುವ, ಹೆಚ್ಚುವರಿ ಕೋರಿಕೆ ಕಳುಹಿಸುವ ಈ ಕೆಲಸಗಳಿಗಾಗಿ ವಿಎ ‘ಎಚ್‌ಎಸ್‌ಆರ್‌ಎಂ’ ಎಂಬ ಆನ್‌ಲೈನ್ ವ್ಯವಸ್ಥೆ ನಡೆಸುತ್ತದೆ, ಅದಕ್ಕೆ ಪ್ರತ್ಯೇಕವಾಗಿ ಪ್ರವೇಶ ಪಡೆಯಬೇಕು. ದಿನಕ್ಕೊಮ್ಮೆಯಾದರೂ ಅದನ್ನು ತೆರೆದು ನೋಡುವ ಹೊಣೆಯನ್ನು ಸಿಬ್ಬಂದಿಯಲ್ಲಿ ಒಬ್ಬರಿಗೆ ಹೆಸರು ಹೇಳಿ ವಹಿಸದ ಕ್ಲಿನಿಕ್‌ನಲ್ಲಿ ರೆಫರಲ್‌ಗಳು ಕೊಳೆಯುತ್ತವೆ. ಮೂವತ್ತು ಬಗೆಯ ತಜ್ಞ ಚಿಕಿತ್ಸೆಗಳಿಗೆ ಅನುಮತಿಯ ಅವಧಿಯನ್ನು 2025ರಲ್ಲಿ ಒಂದು ವರ್ಷಕ್ಕೆ ವಿಸ್ತರಿಸಿದ ಮೇಲೆ ಪದೇ ಪದೇ ಅನುಮತಿ ನವೀಕರಿಸುವ ಹೊರೆ ಒಂದಿಷ್ಟು ಇಳಿದಿದೆ.

ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತ್ಯಂತ ದುರ್ಬಲ ಕೊಂಡಿ ದಾಖಲೆಗಳ ಮರಳಿಕೆ. ವಿಎಯ ಬಲವೇ ಅದರ ಒಗ್ಗೂಡಿದ ದಾಖಲೆಗಳು. ಒಬ್ಬ ಸೈನಿಕನ ಹಳೆಯ ಗಾಯ, ಈಗಿನ ಔಷಧಗಳು, ಮಾನಸಿಕ ಸ್ಥಿತಿ, ಯಾವ ವಿಷವಸ್ತುವಿನ ಸಂಪರ್ಕಕ್ಕೆ ಬಂದಿದ್ದ ಎಂಬ ವಿವರ ಎಲ್ಲವೂ ಅಲ್ಲಿ ಒಂದೆಡೆ ಇರುತ್ತವೆ. ಆತ ಹೊರಗಿನ ಹೃದ್ರೋಗ ತಜ್ಞರನ್ನು ಕಂಡು, ಅಲ್ಲಿ ಔಷಧ ಬದಲಾಗಿ, ಆ ಟಿಪ್ಪಣಿ ವಿಎಗೆ ಮರಳದಿದ್ದರೆ, ಮುಂದಿನ ಬಾರಿ ವಿಎ ವೈದ್ಯರು ಹಳೆಯ ಔಷಧವನ್ನೇ ಮುಂದುವರಿಸುವ ಅಪಾಯವಿದೆ. ಎರಡೂ ಕಡೆಯ ವೈದ್ಯರು ಸಮರ್ಥರೇ ಆಗಿದ್ದರೂ ಅವರ ನಡುವಿನ ಬಿರುಕಿನಲ್ಲಿ ರೋಗಿ ಬೀಳುತ್ತಾನೆ. ಚಾಯ್ಸ್ ಯೋಜನೆಯ ಆರಂಭದಲ್ಲಿ ದಾಖಲೆ ಬಂದ ಮೇಲೆಯೇ ಹಣ ಎಂಬ ನಿಯಮವಿತ್ತು. ಅದರಿಂದ ಪಾವತಿ ತಡವಾಗುತ್ತದೆ ಎಂಬ ದೂರುಗಳ ಕಾರಣ 2016ರಲ್ಲಿ ವಿಎ ಆ ಕೊಂಡಿಯನ್ನು ಕಳಚಿತು. ವೈದ್ಯರ ಪಾಲಿಗೆ ಅದು ನ್ಯಾಯವಾದ ಕ್ರಮವೇ. ಆದರೆ ಅಂದಿನಿಂದ ದಾಖಲೆ ಕಳುಹಿಸುವುದು ಒಪ್ಪಂದದ ಷರತ್ತಾಗಿ ಉಳಿಯಿತೇ ಹೊರತು, ಕಳುಹಿಸದಿದ್ದರೆ ಕೂಡಲೇ ತಟ್ಟುವ ಪರಿಣಾಮವೇನೂ ಉಳಿಯಲಿಲ್ಲ. ದಾಖಲೆ ಬಾರದೆ ವಿಎ ಸಿಬ್ಬಂದಿ ಫೋನು, ಫ್ಯಾಕ್ಸ್‌ಗಳ ಬೆನ್ನು ಹತ್ತುವ ಪರಿಸ್ಥಿತಿಯನ್ನು ಇನ್‌ಸ್ಪೆಕ್ಟರ್ ಜನರಲ್ ವರದಿಗಳು ಮತ್ತೆ ಮತ್ತೆ ಎತ್ತಿ ತೋರಿಸಿವೆ.

ತಾಂತ್ರಿಕ ಪರಿಹಾರ ಇಲ್ಲವೆಂದಲ್ಲ. ರೋಗಿ ಬೇಡವೆಂದು ಹೇಳದಿದ್ದರೆ ಸಾಕು, ದಾಖಲೆಗಳನ್ನು ವಿದ್ಯುನ್ಮಾನ ವಿನಿಮಯದ ಮೂಲಕ ಹಂಚಿಕೊಳ್ಳಬಹುದು ಎಂಬ ನಿಯಮ 2020ರ ಜನವರಿಯಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಪ್ರತಿಯೊಬ್ಬ ಸೈನಿಕನ ಲಿಖಿತ ಒಪ್ಪಿಗೆ ಬೇಕಿತ್ತು. ದೊಡ್ಡ ಆಸ್ಪತ್ರೆ ಸಮೂಹಗಳು ಈ ವಿನಿಮಯ ಜಾಲಗಳಿಗೆ ಆಗಲೇ ಜೋಡಣೆಯಾಗಿರುತ್ತವೆ. ಇಬ್ಬರು ವೈದ್ಯರ ಕ್ಲಿನಿಕ್‌ಗೆ ಅದು ಸುಲಭವಲ್ಲ, ಆದರೂ ಎಚ್‌ಎಸ್‌ಆರ್‌ಎಂ ಮೂಲಕ ಟಿಪ್ಪಣಿಯನ್ನು ಏರಿಸುವುದಕ್ಕೆ ವಿಶೇಷ ಯಂತ್ರವೇನೂ ಬೇಡ. ಭೇಟಿ ಮುಗಿದ ದಿನವೇ ಟಿಪ್ಪಣಿ ಕಳುಹಿಸುವ ಕ್ರಮ ರೂಢಿಸಿಕೊಂಡ ಕ್ಲಿನಿಕ್‌ಗೆ ಹೆಚ್ಚುವರಿ ಕೋರಿಕೆಗಳ ಒಪ್ಪಿಗೆಯೂ ಸಲೀಸಾಗುತ್ತದೆ, ಏಕೆಂದರೆ ಕೋರಿಕೆಯನ್ನು ಪರಿಶೀಲಿಸುವ ವಿಎ ದಾದಿಯ ಮುಂದೆ ಅದಕ್ಕೆ ಬೇಕಾದ ಆಧಾರ ಆಗಲೇ ಇರುತ್ತದೆ.

ಔಷಧದ ನಿಯಮವನ್ನೂ ಮೊದಲೇ ತಿಳಿದಿರಬೇಕು. ತುರ್ತಾಗಿ ಬೇಕಾದ ಔಷಧವನ್ನು ಗರಿಷ್ಠ 14 ದಿನಗಳ ಮಟ್ಟಿಗೆ ಜಾಲದ ಔಷಧಾಲಯದಲ್ಲಿ ಕೊಡಿಸಬಹುದು. ಅದಕ್ಕಿಂತ ದೀರ್ಘ ಅವಧಿಯದ್ದಾದರೆ ಚೀಟಿ ವಿಎ ಔಷಧಾಲಯಕ್ಕೇ ಹೋಗಬೇಕು, ವಿಎಯ ಔಷಧ ಪಟ್ಟಿಯೊಳಗೇ ಇರಬೇಕು. ತಮಗೆ ರೂಢಿಯಾದ ಬ್ರಾಂಡ್ ಆ ಪಟ್ಟಿಯಲ್ಲಿಲ್ಲದೆ ಚೀಟಿ ಹಿಂದಿರುಗಿದಾಗ ತೊಂದರೆ ಅನುಭವಿಸುವವನು ರೋಗಿ. ನೋವು ನಿವಾರಕ ಓಪಿಯಾಯ್ಡ್‌ಗಳ ವಿಷಯದಲ್ಲಿ ಕಾಯ್ದೆ ಇನ್ನೂ ಕಟ್ಟುನಿಟ್ಟಾಗಿದ್ದು, ವಿಎಯ ಸುರಕ್ಷತಾ ಮಾರ್ಗಸೂಚಿಯನ್ನು ಹೊರಗಿನ ವೈದ್ಯರೂ ಪಡೆದು ಪರಿಶೀಲಿಸಿರಬೇಕೆಂದು ಹೇಳುತ್ತದೆ.

ತುರ್ತು ಚಿಕಿತ್ಸೆಗೆ ಪೂರ್ವಾನುಮತಿಗಾಗಿ ಕಾಯಬೇಕಾಗಿಲ್ಲ, ಆದರೆ ಚಿಕಿತ್ಸೆ ಆರಂಭವಾದ 72 ಗಂಟೆಗಳೊಳಗೆ ವಿಎಗೆ ತಿಳಿಸಬೇಕು. ಜ್ವರ, ಗಂಟಲು ನೋವು, ಸಣ್ಣ ಗಾಯದಂಥ ತೊಂದರೆಗಳಿಗಾಗಿ ಜಾಲದಲ್ಲಿರುವ ಅರ್ಜೆಂಟ್ ಕೇರ್ ಕೇಂದ್ರಗಳಿಗೆ ಸೈನಿಕರು ನೇರವಾಗಿ ಹೋಗಬಹುದು. ಕಳೆದ 24 ತಿಂಗಳಲ್ಲಿ ವಿಎ ಮೂಲಕ ಒಮ್ಮೆಯಾದರೂ ಚಿಕಿತ್ಸೆ ಪಡೆದಿರಬೇಕೆಂಬುದು ಅದಕ್ಕಿರುವ ಷರತ್ತು. 2023ರ ಜನವರಿಯಿಂದ ಬಂದ ಇನ್ನೊಂದು ಅವಕಾಶ ಬಹಳ ಮಹತ್ವದ್ದು. ಆತ್ಮಹತ್ಯೆಯ ಅಂಚಿನಲ್ಲಿರುವ ಮಾಜಿ ಸೈನಿಕ ವಿಎಯಲ್ಲಿ ಹೆಸರು ನೋಂದಾಯಿಸದಿದ್ದರೂ ಯಾವುದೇ ಆಸ್ಪತ್ರೆಗೆ ಹೋಗಬಹುದು. ಅರ್ಹನಾಗಿದ್ದರೆ ಆಸ್ಪತ್ರೆಯೊಳಗಿನ ಆರೈಕೆಗೆ 30 ದಿನ, ಹೊರರೋಗಿ ಆರೈಕೆಗೆ 90 ದಿನಗಳವರೆಗೆ ವೆಚ್ಚವನ್ನು ವಿಎ ಭರಿಸುತ್ತದೆ. ಇದು ಗೊತ್ತಿಲ್ಲದ ಸಿಬ್ಬಂದಿ ವಿಮೆಯ ಕಾರ್ಡು ಕೇಳುತ್ತ ಕೂರುವ ಹೊತ್ತು ಎಷ್ಟು ಬೆಲೆಬಾಳುವುದೆಂದು ವಿವರಿಸಬೇಕಾಗಿಲ್ಲ. ಈ ಲೇಖನದಲ್ಲಿ ಒಂದೇ ಒಂದು ನಿಯಮವನ್ನು ನೆನಪಿಡುವುದಾದರೆ ಇದನ್ನು ಇಡಿ.

ಹಣದ ವಿಷಯಕ್ಕೆ ಬಂದರೆ, ದರಗಳಿಗೆ ಆಧಾರ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ದರಪಟ್ಟಿ. ಖಾಸಗಿ ವಿಮೆಗಳು ಕೊಡುವುದಕ್ಕಿಂತ ಇದು ಸಾಮಾನ್ಯವಾಗಿ ಕಡಿಮೆ. ಸೇವೆ ನೀಡಿದ 180 ದಿನಗಳೊಳಗೆ ಬಿಲ್ಲು ಸಲ್ಲಿಸಬೇಕು. ದೋಷವಿಲ್ಲದ ವಿದ್ಯುನ್ಮಾನ ಬಿಲ್ಲಿಗೆ 30 ದಿನಗಳಲ್ಲಿ, ಕಾಗದದ ಬಿಲ್ಲಿಗೆ 45 ದಿನಗಳಲ್ಲಿ ಹಣ ಸಿಗಬೇಕೆಂದು ಮಿಷನ್ ಕಾಯ್ದೆ ಹೇಳುತ್ತದೆ. ರೆಫರಲ್ ಸಂಖ್ಯೆ ನಮೂದಿಸದ ಬಿಲ್ಲು ಹಿಂದಿರುಗುವುದು ಖಚಿತ. ವಿಎ ಅನುಮತಿಸಿದ ಚಿಕಿತ್ಸೆಗೆ ಬಂದ ಮೊತ್ತವೇ ಪೂರ್ಣ ಪಾವತಿ. ಉಳಿಕೆಯನ್ನು ಸೈನಿಕನಿಂದ ಕೇಳುವಂತಿಲ್ಲ, ಅದೇ ಸೇವೆಗೆ ಮೆಡಿಕೇರ್‌ಗೆ ಬಿಲ್ಲು ಹಾಕುವಂತಿಲ್ಲ, ರೋಗಿ ತನ್ನ ಕೈಯಿಂದ ಕೊಡಬೇಕಾದ ಪಾಲಾದ ಸಹಪಾವತಿಯನ್ನೂ ಕ್ಲಿನಿಕ್ ವಸೂಲು ಮಾಡುವಂತಿಲ್ಲ. ಸಹಪಾವತಿ ಅನ್ವಯಿಸುವವರಿಂದ ವಿಎಯೇ ನಂತರ ಅದನ್ನು ಪಡೆಯುತ್ತದೆ. ಚಾಯ್ಸ್ ಕಾಲದ ಕಹಿ ಅನುಭವದಿಂದ ಹುಟ್ಟಿದ ನಿಯಮಗಳಿವು. ಆದ್ದರಿಂದ ಬಿಲ್ಲಿನ ಸಾಫ್ಟ್‌ವೇರ್ ತಾನಾಗಿಯೇ ರೋಗಿಗೆ ಬಾಕಿ ಪತ್ರ ಕಳುಹಿಸದಂತೆ ಸರಿಪಡಿಸಿಕೊಳ್ಳುವುದು ಜಾಲಕ್ಕೆ ಸೇರಿದ ಮೊದಲ ವಾರದಲ್ಲೇ ಆಗಬೇಕಾದ ಕೆಲಸ.

ಇನ್ನು ಮಾಜಿ ಸೈನಿಕರನ್ನು ಅರಿಯುವ ಪ್ರಶ್ನೆ. ರಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮಾನಸಿಕ ಆರೋಗ್ಯ ಸೇವೆ ನೀಡುವವರಲ್ಲಿ ಸೈನಿಕ ಬದುಕಿನ ತಿಳಿವಳಿಕೆ ಮತ್ತು ಪುರಾವೆ ಆಧಾರಿತ ಚಿಕಿತ್ಸೆಯ ತರಬೇತಿ ಎರಡರ ಮಾನದಂಡಗಳನ್ನೂ ಪೂರೈಸಿದವರು ಶೇ 13ರಷ್ಟು ಮಾತ್ರ. ಯುದ್ಧದ ಆಘಾತ, ತಲೆಗೆ ಬಿದ್ದ ಪೆಟ್ಟಿನ ದೀರ್ಘಕಾಲದ ಪರಿಣಾಮ, ಸೇವೆಯಲ್ಲಿದ್ದಾಗ ನಡೆದ ಲೈಂಗಿಕ ದೌರ್ಜನ್ಯ ಇವುಗಳಿಗೆ ಚಿಕಿತ್ಸೆ ನೀಡುವ ಹೊರಗಿನ ವೈದ್ಯರಿಗೆ ಅರ್ಹತಾ ಮಾನದಂಡ ರೂಪಿಸಬೇಕೆಂದು ಮಿಷನ್ ಕಾಯ್ದೆಯೇ ಆದೇಶಿಸಿದೆ, ವಿಎ ಉಚಿತ ಆನ್‌ಲೈನ್ ತರಬೇತಿಯನ್ನೂ ಒದಗಿಸುತ್ತದೆ. ಅಷ್ಟಕ್ಕೂ ಆರಂಭಿಸಲು ಬಹಳ ಬೇಕಿಲ್ಲ: ಹೊಸ ರೋಗಿಯ ನಮೂನೆಯಲ್ಲಿ ‘ನೀವು ಸೇನೆಯಲ್ಲಿ ಸೇವೆ ಸಲ್ಲಿಸಿದ್ದೀರಾ, ಎಲ್ಲಿ, ಯಾವಾಗ’ ಎಂಬ ಪ್ರಶ್ನೆ ಇದ್ದರೆ ಸಾಕು. ಇರಾಕ್ ಮತ್ತು ಅಫ್ಘಾನಿಸ್ತಾನದ ನೆಲೆಗಳಲ್ಲಿ ತೆರೆದ ಗುಂಡಿಗಳಲ್ಲಿ ತ್ಯಾಜ್ಯ ಸುಟ್ಟ ಹೊಗೆಯನ್ನು ಉಸಿರಾಡಿದವರಿಗಾಗಿ 2022ರ ಆಗಸ್ಟ್‌ನಲ್ಲಿ ಪ್ಯಾಕ್ಟ್ ಕಾಯ್ದೆ ಬಂದ ಮೇಲೆ, ಆ ಉತ್ತರದಿಂದ ರೋಗನಿದಾನವೂ ಬದಲಾಗಬಹುದು, ರೋಗಿಗೆ ಸಲ್ಲಬೇಕಾದ ಸೌಲಭ್ಯವೂ ಬದಲಾಗಬಹುದು.

ಈ ಇಡೀ ಏರ್ಪಾಡಿನ ಬಗ್ಗೆ ತೀವ್ರ ಭಿನ್ನಾಭಿಪ್ರಾಯ ಇರುವುದನ್ನೂ ಹೇಳದಿದ್ದರೆ ಚಿತ್ರ ಪೂರ್ಣವಾಗದು. ಹೊರಗಿನ ಆರೈಕೆಯ ವೆಚ್ಚ ಈಗ ವರ್ಷಕ್ಕೆ 2,000 ಕೋಟಿ ಡಾಲರ್‌ಗಳನ್ನು ಎಂದೋ ದಾಟಿದೆ. ಇದು ಹೀಗೆಯೇ ಬೆಳೆದರೆ ವಿಎಯ ಸ್ವಂತ ಆಸ್ಪತ್ರೆಗಳೇ ಸೊರಗುತ್ತವೆ ಎಂದು 2024ರಲ್ಲಿ ಸ್ವತಂತ್ರ ಪರಿಣತರ ತಂಡವೊಂದು ಎಚ್ಚರಿಸಿತು. ದೂರದ ಊರುಗಳಲ್ಲಿರುವ ಸೈನಿಕರಿಗೆ ಆಯ್ಕೆಯ ಹಕ್ಕು ಇನ್ನೂ ಸಾಲದು ಎಂದು ಎದುರು ಪಕ್ಷ ವಾದಿಸುತ್ತದೆ. ಎರಡೂ ಮಾತಿನಲ್ಲಿ ಹುರುಳಿದೆ. ಮೊಣಕಾಲಿನ ವ್ಯಾಯಾಮ ಚಿಕಿತ್ಸೆಗೆ ವಾರಕ್ಕೆರಡು ಬಾರಿ ನೂರು ಮೈಲಿ ಓಡಾಡು ಎನ್ನುವುದು ಕ್ರೂರ. ಅದೇ ವೇಳೆ ಬೆನ್ನುಹುರಿಯ ಗಾಯ, ಕೃತಕ ಅಂಗ, ಯುದ್ಧದ ಆಘಾತದಂಥ ವಿಷಯಗಳಲ್ಲಿ ವಿಎ ದಶಕಗಳಿಂದ ಬೆಳೆಸಿಕೊಂಡ ಪರಿಣತಿ ಖಾಸಗಿ ಪಟ್ಟಿಗಳಲ್ಲಿ ಹುಡುಕಿದರೂ ಸುಲಭವಾಗಿ ಸಿಗದು. ಖಾಸಗಿ ಕ್ಲಿನಿಕ್ ತಾನು ಎಲ್ಲಿ ಪೂರಕ, ಎಲ್ಲಿ ಅಲ್ಲ ಎಂದು ಅರಿತಿರಬೇಕು. ತನ್ನಿಂದಾಗದ ಪ್ರಕರಣವನ್ನು ವಿವರವಾದ ಟಿಪ್ಪಣಿಯೊಂದಿಗೆ ವಿಎಗೆ ಬೇಗನೆ ಹಿಂದಿರುಗಿಸುವುದು ಕೂಡ ಒಳ್ಳೆಯ ಚಿಕಿತ್ಸೆಯ ಭಾಗವೇ.

ಗುತ್ತಿಗೆಗಳು ಶಾಶ್ವತವಲ್ಲ. ಮುಂದಿನ ಸುತ್ತಿನ ಜಾಲಕ್ಕಾಗಿ ವಿಎಯ ತಯಾರಿ ಕೆಲವು ವರ್ಷಗಳಿಂದ ನಡೆದಿದ್ದು, ಮಧ್ಯವರ್ತಿ ಸಂಸ್ಥೆ ಬದಲಾದ ವಲಯದಲ್ಲಿ ಕ್ಲಿನಿಕ್‌ಗಳು ಹೊಸದಾಗಿ ಒಪ್ಪಂದ ಮಾಡಿಕೊಳ್ಳಬೇಕಾಗಿ ಬರಬಹುದು. ಆದ್ದರಿಂದ ಅರ್ಜಿ ಹಾಕುವ ದಿನ ತಮ್ಮ ವಲಯವನ್ನು ಯಾರು ನಿರ್ವಹಿಸುತ್ತಿದ್ದಾರೆ ಎಂಬುದನ್ನು ವಿಎಯ ಅಧಿಕೃತ ಮಾಹಿತಿಯಿಂದಲೇ ಖಚಿತಪಡಿಸಿಕೊಳ್ಳಬೇಕು. ಹತ್ತಿರದ ವಿಎ ಆಸ್ಪತ್ರೆಯ ಸಮುದಾಯ ಆರೈಕೆ ಕಚೇರಿಗೆ ಒಮ್ಮೆ ಕರೆ ಮಾಡಿ, ಯಾವ ಸೇವೆಗೆ ರೋಗಿಗಳು ಹೆಚ್ಚು ಕಾಯುತ್ತಿದ್ದಾರೆ ಎಂದು ಕೇಳಬೇಕು. ಒಪ್ಪಂದವಾದ ನಂತರ ವೈದ್ಯರೊಬ್ಬರು ಬಿಟ್ಟುಹೋದರೆ, ವಿಳಾಸ ಬದಲಾದರೆ, ಹೊಸ ರೋಗಿಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದರೆ, ಅದನ್ನು ಅದೇ ವಾರ ಪಟ್ಟಿಯಲ್ಲಿ ತಿದ್ದಿಸಬೇಕು. ಇಲ್ಲವಾದರೆ ವಿಎಯ ಅಪಾಯಿಂಟ್‌ಮೆಂಟ್ ಸಿಬ್ಬಂದಿ ಆ ಹಳೆಯ ಸಂಖ್ಯೆಗೇ ಕರೆ ಮಾಡುತ್ತಿರುತ್ತಾರೆ, ಅನುಮತಿಯ ದಿನಗಳು ಅಷ್ಟರಲ್ಲಿ ಕಳೆಯುತ್ತಿರುತ್ತವೆ.